ನಕ್ಷತ್ರಚಕ್ರವೂ ಸೂರ್ಯಮಂಡಲವೂ: ಶಾಸನೋಕ್ತ ಉತ್ತರಾಯಣದ ವಿಚಾರ

ಕನ್ನಡ ನಾಡಿನ ದಾನಶಾಸನಗಳನ್ನು ಓದುವವರಿಗೆ ‘ಉತ್ತರಾಯಣ ಸಂಕ್ರಾಂತಿ’ ಎಂಬ ಮಾತು ಬಹು ಪರಿಚಿತವಾದುದು. ಕಲ್ಯಾಣದ ಚಾಳುಕ್ಯರ ಕಾಲದಲ್ಲಿಯೂ ಹೊಯ್ಸಳರ ಕಾಲದಲ್ಲಿಯೂ ದೇವಾಲಯಗಳಿಗೆ, ಅಗ್ರಹಾರಗಳಿಗೆ, ಕೆರೆಗಳಿಗೆ ಭೂಮಿಯನ್ನು ಧಾರೆಯೆರೆದು ಕೊಡುವುದಕ್ಕೆ ಗ್ರಹಣ, ವ್ಯತೀಪಾತ, ವಿಷುವ ಸಂಕ್ರಾಂತಿಗಳಂತೆ ಈ ಪರ್ವವೂ ಪುಣ್ಯಕಾಲವೆಂದು ಎಣಿಸಲ್ಪಟ್ಟಿತ್ತು. ಶಕವರ್ಷವನ್ನೋ ಚಾಳುಕ್ಯ ವಿಕ್ರಮವರ್ಷವನ್ನೋ ಹೇಳಿ, ಸಂವತ್ಸರ, ಮಾಸ, ತಿಥಿ, ವಾರಗಳನ್ನು ಕೊಟ್ಟು, ಕೊನೆಗೆ ಈ ಪರ್ವವನ್ನು ಹೆಸರಿಸುವುದು ಶಾಸನಲೇಖಕರ ರೂಢಿ. ಫ್ಲೀಟ್, ಕೀಲ್‌ಹಾರ್ನ್, ಶಂಕರ ಬಾಲಕೃಷ್ಣ ದೀಕ್ಷಿತ, ಸ್ವಾಮಿಕಣ್ಣು ಪಿಳ್ಳೆ ಮೊದಲಾದ ವಿದ್ವಾಂಸರು ಇಂಥ ತೇದಿಗಳನ್ನು ಗಣಿತದಿಂದ ಪರಿಶೋಧಿಸುವ ಮಾರ್ಗವನ್ನು ಹಾಕಿಕೊಟ್ಟರು. ಅವರ ಕೋಷ್ಟಕಗಳ ಪ್ರಕಾರ ಲೆಕ್ಕಹಾಕಿದರೆ ಹನ್ನೊಂದು ಹನ್ನೆರಡನೆಯ ಶತಮಾನಗಳ ಉತ್ತರಾಯಣ ಸಂಕ್ರಾಂತಿಯು, ಆಗ ಯೂರೋಪಿನಲ್ಲಿ ನಡೆಯುತ್ತಿದ್ದ ಜೂಲಿಯನ್ ಪಂಚಾಂಗದ ಡಿಸೆಂಬರು ೨೪ ಅಥವಾ ೨೫ನೆಯ ದಿನಕ್ಕೆ ಬರುವುದು.

ಇಲ್ಲಿಯೇ ಒಂದು ತೊಡಕು ಇದೆ. ಸೂರ್ಯನು ದಕ್ಷಿಣದ ಕೊನೆಯನ್ನು ಮುಟ್ಟಿ ಉತ್ತರಕ್ಕೆ ತಿರುಗುವ ನಿಜವಾದ ದಿನವು ಆ ಕಾಲದಲ್ಲಿ ಅದೇ ಪಂಚಾಂಗದ ಡಿಸೆಂಬರು ೧೫ರ ಸುಮಾರಿಗೆ ಬೀಳುತ್ತಿತ್ತು. ಎಂದರೆ, ‘ಉತ್ತರಾಯಣ ಪುಣ್ಯಕಾಲ’ವೆಂದು ಕಲ್ಲಿನಲ್ಲಿ ಕೆತ್ತಿಸಿ ದಾನವಿತ್ತ ದಿನದ ಹೊತ್ತಿಗೆ ಸೂರ್ಯನು ಉತ್ತರಕ್ಕೆ ತಿರುಗಿ ಒಂಬತ್ತು ಹತ್ತು ದಿನಗಳು ಕಳೆದುಹೋಗಿದ್ದುವು. ಹಾಗಾದರೆ ಆ ದಾನಿಗಳು ಆಚರಿಸಿದ್ದು ಯಾವ ಪರ್ವವನ್ನು? ಅಯನವನ್ನೆ, ಅಥವಾ ಮಕರರಾಶಿಯ ಪ್ರವೇಶವನ್ನೆ? ಎರಡೂ ಒಂದೇ ಎಂದು ಅವರು ನಂಬಿದ್ದರೆ, ಆ ನಂಬಿಕೆ ಹುಟ್ಟಿದ್ದು ಯಾವಾಗ, ಅದು ತಪ್ಪಿದ್ದು ಯಾವಾಗ? ಈ ಪ್ರಶ್ನೆಗಳು ಬರಿಯ ಕುತೂಹಲದವಲ್ಲ. ವರ್ಷವನ್ನು ಸ್ಪಷ್ಟವಾಗಿ ಹೇಳದ ಶಾಸನಗಳ ಕಾಲನಿರ್ಣಯವು ಎಷ್ಟೋ ವೇಳೆ ಸಂಕ್ರಾಂತಿ ಮತ್ತು ವಾರ ಇವೆರಡರ ಹೊಂದಿಕೆಯ ಮೇಲೆಯೇ ನಿಂತಿರುವುದರಿಂದ, ಹತ್ತು ದಿನಗಳ ಭೇದವು ಒಬ್ಬ ಅರಸನ ಆಳಿಕೆಯ ಕ್ರಮವನ್ನೇ ಹಿಂದುಮುಂದು ಮಾಡಬಲ್ಲುದು.

ಉತ್ತರವನ್ನು ಹುಡುಕಬೇಕಾದರೆ ಮೊದಲು ನಕ್ಷತ್ರಗಳಿಗೂ ಸೂರ್ಯಮಂಡಲಕ್ಕೂ ಇರುವ ಸಂಬಂಧವನ್ನು ತಿಳಿಯಬೇಕು. ಸಂಬಂಧವೆಂದರೆ ನೆರೆಹೊರೆಯಲ್ಲ. ಸೂರ್ಯನ ಬೆಳಕು ಭೂಮಿಗೆ ಎಂಟು ಚಿಲ್ಲರೆ ನಿಮಿಷಗಳಲ್ಲಿ ಬರುತ್ತದೆ. ಗ್ರಹಗಳಲ್ಲಿ ಕಡೆಯದಾದ ನೆಪ್ಚೂನನ್ನು ಮುಟ್ಟುವುದಕ್ಕೆ ಅದಕ್ಕೆ ನಾಲ್ಕು ಗಂಟೆಗಳಿಗಿಂತ ತುಸು ಹೆಚ್ಚು ಕಾಲ ಸಾಕು. ಆದರೆ ಅತ್ಯಂತ ಸಮೀಪದ ನಕ್ಷತ್ರವನ್ನು ಮುಟ್ಟಬೇಕಾದರೆ ಅದೇ ಬೆಳಕು ನಾಲ್ಕೂಕಾಲು ವರ್ಷ ನಡೆಯಬೇಕು. ಈ ಅಂತರಗಳನ್ನು ಮನುಷ್ಯನು ಮೊದಲು ಅಳೆದದ್ದು ೧೮೩೮ರ ಸುಮಾರಿಗೆ. ಬೆಸ್ಸೆಲನು ಹಂಸಮಂಡಲದ ಒಂದು ಮಸಕು ತಾರೆಯನ್ನು ಅಳೆದ ಕಾಲದಲ್ಲಿಯೇ ರಷ್ಯದಲ್ಲಿ ಸ್ಟ್ರೂವೆ ಎಂಬಾತನು ಅಭಿಜಿತ್ತಿನ ಅಂತರವನ್ನು ಅಳೆದನು. ಭರತಖಂಡದ ಪಟ್ಟಿಯಿಂದ ಒಮ್ಮೆ ಹೊರಬಿದ್ದ, ಮಹಾಭಾರತದ ವನಪರ್ವದಲ್ಲಿ ಆಕಾಶದಿಂದ ಜಾರಿತೆಂದು ಹೇಳಲ್ಪಟ್ಟ ಆ ಇಪ್ಪತ್ತೆಂಟನೆಯ ನಕ್ಷತ್ರವೇ ಅಳತೆಗೆ ಮೊದಲು ಸಿಕ್ಕಿದ ಕೆಲವೇ ತಾರೆಗಳಲ್ಲೊಂದಾದುದು ವಿನೋದವಾಗಿದೆ.

ಒಂದೊಂದು ನಕ್ಷತ್ರಪುಂಜದಲ್ಲಿಯೂ ತಾರೆಗಳು ಒಟ್ಟಿಗೆ ಕೂಡಿವೆಯೆಂದು ಕಣ್ಣು ಹೇಳುತ್ತದೆ. ಅದು ಬಹುಮಟ್ಟಿಗೆ ಸುಳ್ಳು. ಪಟ್ಟಿಯಲ್ಲಿ ಒಂದರ ಪಕ್ಕದಲ್ಲೊಂದು ನಿಂತ ಚಿತ್ತಾ ಸ್ವಾತಿಗಳನ್ನೇ ನೋಡಬಹುದು. ಸ್ವಾತಿಯ ಬೆಳಕು ಇಲ್ಲಿಗೆ ಬರುವುದಕ್ಕೆ ಸುಮಾರು ೩೭ ವರ್ಷ, ಚಿತ್ತೆಯದಕ್ಕೆ ಸುಮಾರು ೨೫೦ ವರ್ಷ. ಶ್ರವಣಕ್ಕೆ ೧೭ ವರ್ಷ ಸಾಕು, ಜ್ಯೇಷ್ಠೆಗೆ ಐದು ನೂರಕ್ಕೆ ಮೀರಿದ ವರ್ಷಗಳು ಬೇಕು. ಸಪ್ತರ್ಷಿಗಳಲ್ಲಿ ನಡುವಣ ಐವರು ಮಾತ್ರ ನಿಜವಾಗಿ ಒಂದು ಕುಟುಂಬದವರು, ಸುಮಾರು ೮೦ ಜ್ಯೋತಿರ್ವರ್ಷಗಳ ದೂರದಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿರುವವರು. ಎರಡು ಕೊನೆಗಳಲ್ಲಿರುವ ಇಬ್ಬರು ಅವರಿಗಿಂತ ದೂರದಲ್ಲಿದ್ದು ಬೇರೆ ದಾರಿ ಹಿಡಿದಿದ್ದಾರೆ. ಕೃತ್ತಿಕಾಪುಂಜದಂಥ ನಿಜವಾದ ಗುಂಪುಗಳು ವಿರಳ. ಆದುದರಿಂದ ನಕ್ಷತ್ರಪುಂಜವೆಂಬುದು ಆಕಾಶದಲ್ಲಿರುವ ವಸ್ತುವಲ್ಲ, ಭೂಮಿಯಲ್ಲಿ ನಿಂತು ನೋಡುವವನಿಗೆ ತೋರುವ ಚಿತ್ರ. ಸೂರ್ಯಮಂಡಲವೆಂಬ ಗಡಿಯಾರದ ಮುಳ್ಳುಗಳ ಹಿಂದೆ, ಎಟುಕದಷ್ಟು ದೂರದಲ್ಲಿ, ಆ ಚಿತ್ರವು ಗಡಿಯಾರದ ಮುಖದಂತೆ ಹರಡಿಕೊಂಡಿದೆ. ಮುಖವು ಮುಳ್ಳನ್ನು ತಿರುಗಿಸುವುದಿಲ್ಲ. ಆದರೆ ಮುಖವಿಲ್ಲದೆ ಮುಳ್ಳು ಎಲ್ಲಿದೆಯೆಂದು ಹೇಳುವಂತಿಲ್ಲ.

ಈ ಮುಖದ ಮೇಲೆ ಗೆರೆಗಳನ್ನು ಎಳೆದದ್ದು ಮಾತ್ರ ಸೂರ್ಯಮಂಡಲದ ಜ್ಯೋತಿಗಳೇ. ಚಂದ್ರನು ಒಂದು ತಾರೆಯ ಬಳಿಯಿಂದ ಹೊರಟು ಮರಳಿ ಅದೇ ತಾರೆಯ ಬಳಿಗೆ ಬರುವುದಕ್ಕೆ ೨೭ ದಿನ ೭ ಗಂಟೆ ೪೩ ನಿಮಿಷ ಹಿಡಿಯುತ್ತದೆ. ನಕ್ಷತ್ರಗಳು ಇಪ್ಪತ್ತೇಳಾದದ್ದಕ್ಕೂ ಕೆಲವು ವೇಳೆ ಇಪ್ಪತ್ತೆಂಟಾದದ್ದಕ್ಕೂ ಇದೇ ಕಾರಣ. ರಾತ್ರಿಗೊಂದರಂತೆ ಚಂದ್ರನಿಗೆ ಬಿಡಾರಗಳು ಬೇಕಾಗಿದ್ದುವು. ಬಿಡಾರಗಳೆಲ್ಲವೂ ಅವನ ದಾರಿಯಲ್ಲಿಯೇ ಇವೆಯೆಂದಲ್ಲ. ಮಘೆ, ಪುಷ್ಯ, ರೇವತಿ, ಚಿತ್ತೆಗಳು ಕ್ರಾಂತಿವೃತ್ತಕ್ಕೆ ಅಂಟಿದಂತಿವೆ. ರೋಹಿಣಿ ಜ್ಯೇಷ್ಠೆಗಳು ಐದಾರು ಅಂಶಗಳೊಳಗೆ ದಕ್ಷಿಣಕ್ಕಿವೆ. ಸ್ವಾತಿ, ಶ್ರವಣ, ಧನಿಷ್ಠೆಗಳಾದರೋ ಸುಮಾರು ೩೦ ಅಂಶ ಉತ್ತರದಲ್ಲಿವೆ; ಅಭಿಜಿತ್ತು ೬೨ ಅಂಶ ಉತ್ತರದಲ್ಲಿದೆ, ಚಂದ್ರನು ಅದರ ಬಳಿಗೆ ಎಂದಿಗೂ ಹೋಗಲಾರನು. ದಾರಿಯ ಆ ಭಾಗದಲ್ಲಿ ಉಜ್ವಲವಾದ ತಾರೆಗಳು ಕಡಿಮೆಯಾದುದರಿಂದ ದೂರದ ಕಾಂತಿಯುತ ತಾರೆಗಳನ್ನು ಗುರುತಿಗಾಗಿ ಹಿಡಿದಂತೆ ತೋರುತ್ತದೆ. ಮುಂದೆ ಗಣಿತವು ಬೆಳೆದಾಗ ವೃತ್ತವನ್ನು ೧೩ ಅಂಶ ೨೦ ಕಲೆಗಳ ಇಪ್ಪತ್ತೇಳು ಸಮಭಾಗಗಳಾಗಿ ಒಡೆದು, ಹೆಸರನ್ನು ಮಾತ್ರ ಹಳೆಯ ತಾರೆಗಳಿಂದ ಉಳಿಸಿಕೊಂಡರು. ಗರ್ಗನ ಮತ್ತು ಬ್ರಹ್ಮಸಿದ್ಧಾಂತದ ಮತಗಳಲ್ಲಿ ಭಾಗಗಳು ಅಸಮವಾಗಿದ್ದುವು; ಶಾಸನದಲ್ಲಿ ಹೇಳಿದ ನಕ್ಷತ್ರವು ಸಮಭಾಗಕ್ಕೆ ಹೊಂದದಾಗ ಕೀಲ್‌ಹಾರ್ನನು ಈ ಮತಗಳಿಂದಲೂ ಪರೀಕ್ಷಿಸುತ್ತಿದ್ದುದು ಅದಕ್ಕಾಗಿಯೇ.

ಮಾಸಗಳ ಹೆಸರುಗಳೂ ಇಲ್ಲಿಂದಲೇ ಬಂದುವು. ಹುಣ್ಣಿಮೆಯ ಚಂದ್ರನು ಚಿತ್ತೆಯ ಬಳಿಯಿದ್ದರೆ ಚೈತ್ರ, ವಿಶಾಖೆಯ ಬಳಿಯಿದ್ದರೆ ವೈಶಾಖ. ಹುಣ್ಣಿಮೆಯಂದು ಸೂರ್ಯನು ಚಂದ್ರನಿಗೆ ಇದಿರಾಗಿರುವುದರಿಂದ, ಚೈತ್ರವೆಂದ ಕೂಡಲೆ ಸೂರ್ಯನು ಚಿತ್ತೆಯಿಂದ ಅರ್ಧವೃತ್ತದಾಚೆ, ರೇವತಿ ಅಶ್ವಿನಿಗಳ ನಡುವೆ ಇದ್ದಾನೆಂದು ತಿಳಿಯುವುದು. ಸೂರ್ಯನಿರುವ ನಕ್ಷತ್ರವು ಹಗಲ ಬೆಳಕಿನಲ್ಲಿ ಮುಳುಗಿರುವುದರಿಂದ ಅದನ್ನು ಕಣ್ಣಿಂದ ಕಾಣಲು ಸಾಧ್ಯವಿಲ್ಲ. ಇದಿರಿನದನ್ನು ಕಂಡೇ ಊಹಿಸಬೇಕು. ಕನ್ನಡದ ಒಕ್ಕಲಿಗನು ‘ರೋಹಿಣಿ ಮಳೆ’, ‘ಆರಿದ್ರೆ ಮಳೆ’, ‘ಹುಬ್ಬೆ ಮಳೆ’, ‘ಚಿತ್ತೆ ಮಳೆ’ ಎಂದು ಹದಿಮೂರು ಹದಿನಾಲ್ಕು ದಿನಗಳ ಲೆಕ್ಕವನ್ನಿಟ್ಟು ಬಿತ್ತನೆ ಮಾಡುವುದು ಈ ಕಾಣದ ನಕ್ಷತ್ರಗಳನ್ನು ಹಿಡಿದು. ಆರಿದ್ರೆಯ ಮಳೆ ಸುರಿಯುವಾಗ, ಮೋಡವಿಲ್ಲದಿದ್ದರೂ, ಆರಿದ್ರೆಯು ಕಣ್ಣಿಗೆ ಬೀಳದು.

ಹನ್ನೆರಡು ರಾಶಿಗಳು ಸೂರ್ಯನ ಗೆರೆಗಳು. ಅವು ಬಾಬಿಲೋನಿಯದಲ್ಲಿ ಸಮಭಾಗಗಳಾಗಿ ರೂಪುಗೊಂಡು ಯವನರ ಮೂಲಕ ಭರತಖಂಡಕ್ಕೆ ಬಂದುವೆಂಬುದು ಇಂದು ಬಹುಮಟ್ಟಿಗೆ ಒಪ್ಪಿತವಾದ ಮತ. ವರಾಹಮಿಹಿರನು ಬೃಹಜ್ಜಾತಕದಲ್ಲಿ ರಾಶಿಗಳಿಗೆ ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ, ಜೂಕ, ಕೌರ್ಪ್ಯ, ತೌಕ್ಷಿಕ, ಆಕೋಕೇರ, ಹೃದ್ರೋಗ ಎಂಬ ಹೆಸರುಗಳನ್ನೂ ಕೊಟ್ಟಿರುವನು. ಇವು ಗ್ರೀಕ್ ಶಬ್ದಗಳ ಸಂಸ್ಕೃತ ಉಚ್ಚಾರಣೆಗಳೆಂಬುದರಲ್ಲಿ ಸಂಶಯವಿಲ್ಲ. ಗುರುವು ಸುಮಾರು ಹನ್ನೆರಡು ವರ್ಷಗಳಿಗೂ ಶನಿಯು ಇಪ್ಪತ್ತೊಂಬತ್ತೂವರೆ ವರ್ಷಗಳಿಗೂ ಒಂದು ಸುತ್ತು ಬರುವುದರಿಂದ ರಾಶಿಗೊಂದು ವರ್ಷ, ರಾಶಿಗೆ ಎರಡೂವರೆ ವರ್ಷ ಎಂಬ ಗಣನೆಗಳು ಸುಲಭವಾಗಿ ಹೊಂದಿಕೊಂಡುವು; ಅರುವತ್ತು ಸಂವತ್ಸರಗಳ ಚಕ್ರವು ಗುರುವಿನ ಐದು ಸುತ್ತುಗಳು. ರಾಶಿಗಳ ಈ ಸಮಭಾಗವೂ ಕಲ್ಪಿತವೇ. ೧೯೨೨ರಲ್ಲಿ ಅಂತರರಾಷ್ಟ್ರೀಯ ಖಗೋಳ ಸಂಘವು ಒಪ್ಪಿದ ೮೮ ಪುಂಜಗಳಿಗೆ ೧೯೩೦ರಲ್ಲಿ ಗಡಿಗಳನ್ನು ಗೊತ್ತುಮಾಡಿದಾಗ ಕ್ರಾಂತಿವೃತ್ತವು ಹನ್ನೆರಡಲ್ಲ, ಹದಿಮೂರು ಪುಂಜಗಳಲ್ಲಿ ಹಾದುಹೋಗುವಂತಾಯಿತು. ಸೂರ್ಯನು ಕನ್ಯಾಪುಂಜದಲ್ಲಿ ಒಂದೂವರೆ ತಿಂಗಳು ಇದ್ದರೆ, ವೃಶ್ಚಿಕದಲ್ಲಿ ಕೇವಲ ಒಂದು ವಾರ ಇರುತ್ತಾನೆ. ಇದನ್ನು ಕೇಳಿ ಹದಿಮೂರನೆಯ ರಾಶಿಯೊಂದು ಹೊಸದಾಗಿ ಹುಟ್ಟಿತೆಂದು ಆಗಾಗ್ಗೆ ಎದ್ದಿರುವ ಗದ್ದಲಕ್ಕೆ ಅರ್ಥವಿಲ್ಲ. ರಾಶಿಯೆಂಬುದು ಅಳತೆಗೋಲು, ಪುಂಜವೆಂಬುದು ಚಿತ್ರ.

ಇಷ್ಟು ತಿಳಿದರೆ ತೊಡಕಿನ ಬೇರು ಕೈಗೆ ಸಿಕ್ಕುವುದು. ನಕ್ಷತ್ರಗಳ ಮುಖವು ಸೂರ್ಯಮಂಡಲಕ್ಕೆ ಹೊರಗಿನದು. ಆದರೆ ಋತುಗಳು, ಹಗಲಿರುಳಿನ ಏರಿಳಿತ, ಅಯನ, ವಿಷುವ ಇವೆಲ್ಲ ಭೂಮಿಯ ಅಕ್ಷದ ಓರೆಯಿಂದ ಆಗುವುವು. ನಕ್ಷತ್ರಗಳಿಗೂ ಇವಕ್ಕೂ ಯಾವ ಗಂಟೂ ಇಲ್ಲ. ಸೂರ್ಯನು ಯಾವ ನಕ್ಷತ್ರದಲ್ಲಿರುವಾಗ ಉತ್ತರಕ್ಕೆ ತಿರುಗುವನೆಂಬುದು ಒಂದು ಕಾಲದ ಸಂಗತಿ, ಎಲ್ಲ ಕಾಲದ ಸಂಗತಿಯಲ್ಲ.

ಭರತಖಂಡದ ಗ್ರಂಥಗಳಲ್ಲಿಯೇ ಇದಕ್ಕೆ ಸಾಕ್ಷ್ಯವಿದೆ. ಲಗಧನದೆಂದು ಹೇಳುವ ವೇದಾಂಗಜ್ಯೋತಿಷದಲ್ಲಿ ಸೂರ್ಯಚಂದ್ರರು ಧನಿಷ್ಠೆಯ ಆದಿಯಲ್ಲಿ ಉತ್ತರಕ್ಕೆ ತಿರುಗುವರೆಂದೂ ಆಶ್ಲೇಷೆಯ ಅರ್ಧದಲ್ಲಿ ಸೂರ್ಯನು ದಕ್ಷಿಣಕ್ಕೆ ತಿರುಗುವನೆಂದೂ ಇದೆ. ವರಾಹಮಿಹಿರನು ಬೃಹತ್ಸಂಹಿತೆಯ ಆದಿತ್ಯಚಾರದಲ್ಲಿ ಈ ಹಳೆಯ ಮಾತನ್ನು ನೆನೆದು, ಪೂರ್ವಶಾಸ್ತ್ರಗಳಲ್ಲಿ ಹೇಳಿರುವುದರಿಂದ ಅದು ಒಂದು ಕಾಲಕ್ಕೆ ನಿಜವಾಗಿರಲೇಬೇಕು, ಈಗಲಾದರೋ ಅಯನಗಳು ಕರ್ಕಾಟಕ ಮತ್ತು ಮಕರಗಳ ಆದಿಯಲ್ಲಿ ಆಗುತ್ತಿವೆ ಎಂದು ಬರೆದಿರುವನು. ಅಷ್ಟಕ್ಕೆ ನಿಲ್ಲದೆ, ಭೇದವಿದ್ದರೆ ಪ್ರತ್ಯಕ್ಷ ಪರೀಕ್ಷೆಯಿಂದ, ಸೂರ್ಯನ ಉದಯಾಸ್ತಗಳ ಗುರುತಿನಿಂದ ಮತ್ತು ಶಂಕುವಿನ ನೆರಳಿನಿಂದ ಅದನ್ನು ತಿಳಿಯಬೇಕೆಂದೂ ಹೇಳುತ್ತಾನೆ. ಶಾಸ್ತ್ರವನ್ನು ಅಲ್ಲಗಳೆಯದೆ ಕಣ್ಣನ್ನೂ ಬಿಟ್ಟುಕೊಡದ ಈ ನಿಲುವು ಅಪೂರ್ವವಾದುದು.

ಆಶ್ಲೇಷೆಯ ಅರ್ಧವು ಮೇಷಾದಿಯಿಂದ ೧೧೩ ಅಂಶ ೨೦ ಕಲೆ. ಕರ್ಕಾಟಕದ ಆದಿ ೯೦ ಅಂಶ. ಭೇದ ೨೩ ಅಂಶ ೨೦ ಕಲೆ. ಅಯನಬಿಂದುವು ಒಂದು ಅಂಶ ಹಿಂದೆ ಸರಿಯುವುದಕ್ಕೆ ೭೨ ವರ್ಷಗಳೆಂದು ಇಂದು ತಿಳಿದಿರುವುದರಿಂದ, ಈ ಭೇದಕ್ಕೆ ೧೬೮೦ ವರ್ಷಗಳು ಬೇಕು. ವರಾಹಮಿಹಿರನು ಪಂಚಸಿದ್ಧಾಂತಿಕೆಯಲ್ಲಿ ಗಣನೆಗೆ ಹಿಡಿದ ಶಕ ೪೨೭ (ಕ್ರಿ. ಶ. ೫೦೫) ರಿಂದ ಹಿಂದಕ್ಕೆ ಎಣಿಸಿದರೆ ವೇದಾಂಗಜ್ಯೋತಿಷದ ವೇಧವು ಕ್ರಿಸ್ತಪೂರ್ವ ಹನ್ನೆರಡನೆಯ ಶತಮಾನಕ್ಕೆ ಹೋಗುವುದು. ಧನಿಷ್ಠೆಯ ಆದಿಯನ್ನು ಎಲ್ಲಿ ಹಿಡಿಯಬೇಕೆಂಬುದರಲ್ಲಿ ಸಂದೇಹವಿರುವುದರಿಂದ ಒಂದೆರಡು ಶತಮಾನಗಳ ಹೆಚ್ಚುಕಡಿಮೆಗೆ ಎಡೆಯುಂಟು. ವೇಧದ ಕಾಲವೇ ಗ್ರಂಥದ ಕಾಲವೆಂದೂ ಹೇಳಲಾಗದು. ಇದಕ್ಕಿಂತ ಹಿಂದಕ್ಕೆ ಹೋದವರೂ ಇದ್ದಾರೆ. ಕೃತ್ತಿಕೆಗಳು ಪೂರ್ವದಿಕ್ಕಿನಿಂದ ಚಲಿಸವು ಎಂಬ ಶತಪಥಬ್ರಾಹ್ಮಣದ ಮಾತನ್ನು ಹಿಡಿದು ದೀಕ್ಷಿತರು ಅದನ್ನು ಕ್ರಿ. ಪೂ. ೩೦೦೦ದ ಸುಮಾರಿಗೆ ಇಟ್ಟರು. ಬಾಲ ಗಂಗಾಧರ ತಿಲಕರೂ ಜರ್ಮನಿಯ ಯಾಕೋಬಿಯೂ ೧೮೯೩ರಲ್ಲಿ, ಒಬ್ಬರನ್ನೊಬ್ಬರು ಅವಲಂಬಿಸದೆ, ವಸಂತ ಸಂಪಾತವು ಮೃಗಶಿರದಲ್ಲಿದ್ದ ಕಾಲವನ್ನು ವೇದವಾಕ್ಯಗಳಲ್ಲಿ ಕಂಡರು. ಥೀಬೋ ಮೊದಲಾದವರು ಇದನ್ನೊಪ್ಪಲಿಲ್ಲ. ಯಜ್ಞವಿಧಿಯಲ್ಲಿ ಬಂದ ಒಂದು ಮಾತಿಗೆ ವೇಧಶಾಲೆಯ ಸೂಕ್ಷ್ಮತೆಯನ್ನು ಹೊರಿಸುವುದು ಅಪಾಯಕರವೆಂಬ ಅವರ ಆಕ್ಷೇಪಣೆಯಲ್ಲಿ ತಿರುಳಿದೆ. ವೇದಾಂಗಜ್ಯೋತಿಷದ ಮಾತಿಗಾದರೆ ಆ ಆಕ್ಷೇಪಣೆ ಅಷ್ಟಾಗಿ ತಗಲದು, ಏಕೆಂದರೆ ಅದು ಗಣಿತಕ್ಕಾಗಿಯೇ ಹೇಳಿದ ಮಾತು.

ಈ ಚಲನವನ್ನು ಚಲನವೆಂದು ಮೊದಲು ಗುರುತಿಸಿದ ಕೀರ್ತಿಯು ಗ್ರೀಕರ ಹಿಪ್ಪಾರ್ಕಸನಿಗೆ ಸಲ್ಲುವುದು. ಅವನು ಕ್ರಿ. ಪೂ. ೧೩೦ರ ಸುಮಾರಿನಲ್ಲಿ ಹಿಡಿದ ತಾರೆ ಚಿತ್ತೆಯೇ. ಸುಮಾರು ಒಂದೂವರೆ ಶತಮಾನದ ಹಿಂದೆ ಅಲೆಗ್ಸಾಂಡ್ರಿಯದ ಟಿಮೊಖಾರಿಸನು ಶರತ್ಸಂಪಾತದಿಂದ ೮ ಅಂಶ ಹಿಂದಿದ್ದ ಚಿತ್ತೆಯನ್ನು ಕಂಡಿದ್ದನು. ತನ್ನ ಕಾಲದಲ್ಲಿ ಅದು ೬ ಅಂಶಕ್ಕೆ ಬಂದಿರುವುದನ್ನು ಹಿಪ್ಪಾರ್ಕಸನು ಕಂಡು, ಶತಮಾನಕ್ಕೆ ಒಂದು ಅಂಶಕ್ಕಿಂತ ಕಡಿಮೆಯಿಲ್ಲದಂತೆ ಚಲನವಿದೆಯೆಂದು ನಿಶ್ಚಯಿಸಿದನು. ಭರತಖಂಡದಲ್ಲಿ ವರಾಹಮಿಹಿರನು ಸ್ಥಾನಭೇದವನ್ನು ಕಂಡರೂ ವೇಗವನ್ನು ಹೇಳಲಿಲ್ಲ. ಆರ್ಯಭಟೀಯದಲ್ಲಿ ಈ ಗಣನೆಯೇ ಇಲ್ಲ. ಇದು ಅಜ್ಞಾನವೆಂದು ಹಳಿಯುವುದು ಸಲ್ಲದು. ಅವರ ಕಾಲದಲ್ಲಿ ಮೇಷಾದಿಯೂ ವಸಂತ ಸಂಪಾತವೂ ಬಹುಮಟ್ಟಿಗೆ ಒಂದೇ ಬಿಂದುವಾಗಿದ್ದುವು. ಕಳೆಯಬೇಕಾದ ಅಂತರವೇ ಇರಲಿಲ್ಲ. ಮಕರ ಸಂಕ್ರಾಂತಿಗೆ ಉತ್ತರಾಯಣವೆಂಬ ಹೆಸರು ಅಂಟಿಕೊಂಡದ್ದು ಆ ಕಾಲದಲ್ಲಿ, ಮತ್ತು ಆಗ ಆ ಹೆಸರು ಸತ್ಯವಾಗಿತ್ತು.

ಆಮೇಲೆ ಬಿಂದುಗಳು ಅಗಲುತ್ತ ಹೋದುವು. ಈಗ ಪ್ರಚಾರದಲ್ಲಿರುವ ಸೂರ್ಯಸಿದ್ಧಾಂತವು ಈ ಚಲನವನ್ನು ಉಯ್ಯಾಲೆಯಂತೆ ಕಲ್ಪಿಸಿ, ಬಿಂದುವು ೨೭ ಅಂಶ ಅತ್ತ, ೨೭ ಅಂಶ ಇತ್ತ, ವರ್ಷಕ್ಕೆ ೫೪ ವಿಕಲೆಗಳಂತೆ ತೂಗುವುದೆಂದು ಹೇಳುತ್ತದೆ. ಶಕ ೮೫೪ (ಕ್ರಿ. ಶ. ೯೩೨) ರ ಲಘುಮಾನಸದ ಕರ್ತನಾದ ಮುಂಜಾಲನ ಮತದಲ್ಲಿ ಉಯ್ಯಾಲೆಯಿಲ್ಲ, ಪೂರ್ಣ ಭ್ರಮಣವಿದೆ. ಕಲ್ಪಕ್ಕೆ ೧,೯೯,೬೬೯ ಸುತ್ತುಗಳೆಂದು ಭಾಸ್ಕರಾಚಾರ್ಯನು ಅವನ ಹೆಸರಿನಲ್ಲಿ ಉದಾಹರಿಸಿರುವುದನ್ನು ಭಾಗಿಸಿದರೆ ವರ್ಷಕ್ಕೆ ಸುಮಾರು ೬೦ ವಿಕಲೆಗಳು ಬರುತ್ತವೆ. ನಿಜವಾದ ಪ್ರಮಾಣವು ೫೦ ವಿಕಲೆಗಳಿಗೆ ತುಸು ಮೇಲು. ವೇಗದಲ್ಲಿ ತಪ್ಪಿದ್ದರೂ ರೀತಿಯಲ್ಲಿ ಮುಂಜಾಲನೇ ಸರಿ. ಇದರ ಕಾರಣವು ತಿಳಿದುದು ೧೬೮೭ರಲ್ಲಿ ನ್ಯೂಟನ್ನನಿಂದ: ನಡುವಿನಲ್ಲಿ ಉಬ್ಬಿದ ಭೂಮಿಯನ್ನು ಚಂದ್ರನೂ ಸೂರ್ಯನೂ ಎಳೆಯುವುದರಿಂದ ಅದರ ಅಕ್ಷವು ಬುಗುರಿಯಂತೆ ಓಲಾಡಿ ಸುಮಾರು ೨೫,೮೦೦ ವರ್ಷಗಳಿಗೊಂದು ಸುತ್ತನ್ನು ಮುಗಿಸುವುದು; ಎಳೆತದಲ್ಲಿ ಚಂದ್ರನ ಪಾಲು ಸೂರ್ಯನದಕ್ಕೆ ಎರಡರಷ್ಟಕ್ಕಿಂತ ತುಸು ಹೆಚ್ಚು. ನಕ್ಷತ್ರಚಕ್ರವೇ ಸರಿದಂತೆ ತೋರುವ ಚಲನವು ಹೀಗೆ ಕೇವಲ ಸೂರ್ಯಮಂಡಲದ ಮನೆವಾರ್ತೆ. ನಕ್ಷತ್ರಗಳಿಗೆ ಸ್ವಂತ ಚಲನವಿಲ್ಲವೆಂದಲ್ಲ. ಹ್ಯಾಲಿಯು ೧೭೧೮ರಲ್ಲಿ ಟಾಲೆಮಿಯ ಪಟ್ಟಿಯೊಡನೆ ಹೋಲಿಸಿ ಲುಬ್ಧಕ, ಸ್ವಾತಿ, ರೋಹಿಣಿಗಳು ಜಾಗ ಬಿಟ್ಟಿರುವುದನ್ನು ಕಂಡನು. ಸ್ವಾತಿಯು ವೇದಾಂಗಜ್ಯೋತಿಷದ ಕಾಲದಿಂದ ಇಂದಿನವರೆಗೆ ಸುಮಾರು ಎರಡು ಅಂಶ, ಎಂದರೆ ಹುಣ್ಣಿಮೆಯ ಚಂದ್ರನ ನಾಲ್ಕು ಅಗಲದಷ್ಟು, ಸರಿದಿದೆ. ಆದರೆ ಪಂಚಾಂಗದ ತೊಡಕಿಗೆ ಇದು ಕಾರಣವಲ್ಲ.

ಶಾಸನಗಳ ಕಡೆಗೆ ತಿರುಗಿದರೆ ಲೆಕ್ಕವು ಈಗ ಸರಾಗವಾಗುವುದು. ಸೂರ್ಯಸಿದ್ಧಾಂತದ ವರ್ಷಮಾನವು ೩೬೫ ದಿನ ೬ ಗಂಟೆ ೧೨ ನಿಮಿಷ ೩೬ ಸೆಕೆಂಡು. ಋತುಗಳ ವರ್ಷವು ೩೬೫ ದಿನ ೫ ಗಂಟೆ ೪೮ ನಿಮಿಷ ೪೫ ಸೆಕೆಂಡು. ವರ್ಷಕ್ಕೆ ಸುಮಾರು ೨೪ ನಿಮಿಷಗಳ ಭೇದ. ಅರುವತ್ತು ವರ್ಷಗಳಿಗೆ, ಎಂದರೆ ಒಂದು ಸಂವತ್ಸರಚಕ್ರಕ್ಕೆ, ಒಂದು ದಿನ. ಆರನೆಯ ಶತಮಾನದ ಆದಿಯಿಂದ ಆರನೆಯ ವಿಕ್ರಮಾದಿತ್ಯನ ಆಳಿಕೆಯ ನಡುಗಾಲದವರೆಗೆ, ಎಂದರೆ ಸುಮಾರು ೧೧೦೦ರವರೆಗೆ, ಒಂಬತ್ತು ಹತ್ತು ಚಕ್ರಗಳು ಉರುಳಿದ್ದುವು. ಮಕರ ಸಂಕ್ರಾಂತಿಯು ಅಯನದಿಂದ ಒಂಬತ್ತು ಹತ್ತು ದಿನ ಹಿಂದೆ ಬಿದ್ದಿತ್ತು.

ಇಷ್ಟು ಭೇದವನ್ನು ಆ ಕಾಲದ ಜೋಯಿಸರು ಕಾಣಲಿಲ್ಲವೆ ಎಂದು ಕೇಳಬಹುದು. ಕಾಣದಿರುವುದೇ ಸಹಜ. ಅಯನದ ಹತ್ತಿರ ಸೂರ್ಯನ ಉತ್ತರ ದಕ್ಷಿಣ ಗತಿಯು ನಿಂತಂತೆಯೇ ಇರುತ್ತದೆ. ತಿರುಗಿದ ಹತ್ತು ದಿನಗಳಲ್ಲಿ ಅವನು ಉತ್ತರಕ್ಕೆ ಸರಿಯುವುದು ಅರ್ಧ ಅಂಶಕ್ಕಿಂತ ಕಡಿಮೆ, ಅವನ ಬಿಂಬದ ಅಗಲದಷ್ಟೂ ಇಲ್ಲ. ಶಂಕುವಿನ ನೆರಳನ್ನು ಬಹು ಜಾಗರೂಕತೆಯಿಂದ ಅಳೆದವನಿಗಲ್ಲದೆ ಅದು ತಿಳಿಯದು. ವಿಷುವದ ಸಂಗತಿಯೇ ಬೇರೆ. ಅಲ್ಲಿ ಸೂರ್ಯನು ದಿನಕ್ಕೆ ಹೆಚ್ಚುಕಡಿಮೆ ೨೪ ಕಲೆ ಓಡುವುದರಿಂದ ಹತ್ತು ದಿನಗಳಲ್ಲಿ ನಾಲ್ಕು ಅಂಶ ದಾಟಿರುತ್ತಾನೆ. ಸೂರ್ಯೋದಯದ ಸ್ಥಾನವು ಪೂರ್ವದಿಕ್ಕನ್ನು ಬಿಟ್ಟು ಸರಿದಿರುವುದು ಬರಿಗಣ್ಣಿಗೂ ತೋರುವುದು. ಭಾಸ್ಕರನಂಥ ಸಿದ್ಧಾಂತಿಗಳು ಅಯನಾಂಶವನ್ನು ಬಲ್ಲವರಾಗಿದ್ದು, ಲಗ್ನ, ಚರ, ಛಾಯೆಗಳ ಗಣಿತದಲ್ಲಿ ಅದನ್ನು ಕೂಡಿಸಿಕೊಳ್ಳುವಂತೆ ವಿಧಿಸಿದ್ದರೂ, ಪರ್ವಗಳ ಪಂಚಾಂಗವು ನಿರಯಣವಾಗಿಯೇ ಉಳಿಯಿತು. ಆದುದರಿಂದ ‘ಉತ್ತರಾಯಣ ಸಂಕ್ರಾಂತಿ’ ಎಂಬ ಶಾಸನವಾಕ್ಯದಲ್ಲಿ ಪ್ರಮಾಣವಾಗಿ ಹಿಡಿಯತಕ್ಕದ್ದು ‘ಸಂಕ್ರಾಂತಿ’ ಎಂಬ ಉತ್ತರಪದವನ್ನು. ‘ಉತ್ತರಾಯಣ’ವು ಆಗಲೇ ರೂಢಿಯ ಹೆಸರಾಗಿತ್ತು. ಶಾಸನದ ವಾರವು ಮಕರಪ್ರವೇಶದ ದಿನಕ್ಕೆ ಹೊಂದದಿದ್ದರೆ, ನಿಜವಾದ ಅಯನದ ದಿನಕ್ಕೆ ಹೊಂದುವುದೆಂದು ತೋರಿಸಿ ಆ ತೇದಿಯನ್ನು ಉಳಿಸಲೆಳಸುವುದು ನ್ಯಾಯವಾಗಲಾರದು. ಏಳು ವಾರಗಳಲ್ಲಿ ಒಂದಕ್ಕೆ ಏನಾದರೊಂದು ಹೊಂದಿಯೇ ಹೊಂದುವುದು.

ಮಳೆನಕ್ಷತ್ರಗಳಿಗೂ ಇದೇ ನ್ಯಾಯ. ಈಗ ಸೂರ್ಯನು ಮೃಗಶಿರವನ್ನು ಜೂನ್ ೮ರ ಸುಮಾರಿಗೆ, ಆರಿದ್ರೆಯನ್ನು ೨೨ರ ಸುಮಾರಿಗೆ ಪ್ರವೇಶಿಸುವನು. ಮುಂಗಾರು ಕನ್ನಡ ನಾಡಿಗೆ ಕಾಲಿಡುವುದು ಜೂನ್ ಮೊದಲ ವಾರದ ಹೊತ್ತಿಗೆ. ವಿಕ್ರಮಾದಿತ್ಯನ ಕಾಲದಲ್ಲಿ, ಋತುವಿನ ಅದೇ ಹಂತದಲ್ಲಿ, ಸೂರ್ಯನು ಆರಿದ್ರೆಯನ್ನು ಮೆಟ್ಟುತ್ತಿದ್ದನು. ಎಂದರೆ ಇಂದಿನ ಗಾದೆಗಳಲ್ಲಿ ಮೃಗಶಿರಕ್ಕೆ ಹೇಳುವ ಗುಣವು ಆಗ ಆರಿದ್ರೆಗೆ ಸಲ್ಲುತ್ತಿದ್ದಿರಬೇಕು. ಗಾದೆಗಳು ಹಳೆಯವಾದರೆ ತಲೆಮಾರಿನಿಂದ ತಲೆಮಾರಿಗೆ ತಿದ್ದುಪಡಿಯಾಗುತ್ತ ಬಂದಿರಬೇಕು. ತಿದ್ದುಪಡಿಯಾಗಿಲ್ಲವಾದರೆ ಅವು ಅಷ್ಟು ಹಳೆಯವಲ್ಲ. ಆರ್ದ್ರೆಯೆಂದರೆ ತೇವವುಳ್ಳದ್ದೆಂಬ ಅರ್ಥವನ್ನು ಹಿಡಿದು, ಮಳೆಯಿಂದಲೇ ಆ ಹೆಸರು ಬಂದಿತೆನ್ನುವವರೂ ಇದ್ದಾರೆ. ಹೆಸರು ವೇದಕಾಲದ ಪಟ್ಟಿಯಲ್ಲಿದೆ; ಕ್ರಿ. ಪೂ. ೧೨೦೦ರಲ್ಲಿ ಸೂರ್ಯನು ಅಲ್ಲಿಗೆ ಬರುತ್ತಿದ್ದುದು ಇಂದಿನ ಲೆಕ್ಕದ ಮೇ ಮೊದಲ ವಾರದಲ್ಲಿ, ಉರಿಬಿಸಿಲಿನ ಕಾಲದಲ್ಲಿ. ಹೊಂದಿಕೆಯು ಹೆಸರಿಗಿಂತ ಈಚಿನದು.

ಪಂಚಾಂಗವನ್ನು ತಿದ್ದಬೇಕೆಂಬ ಪ್ರಯತ್ನದಲ್ಲಿ ಕನ್ನಡ ನಾಡಿಗೂ ಪಾಲುಂಟು. ೧೮೫೪ರಲ್ಲಿ ನರಗುಂದದಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಿಕ್ಷಕವೃತ್ತಿಯಲ್ಲಿದ್ದ ವೇಂಕಟೇಶ ಬಾಪೂಜಿ ಕೇತಕರರು ಪಾಶ್ಚಾತ್ಯ ಸೂಕ್ಷ್ಮಗಣಿತವನ್ನು ಸಂಸ್ಕೃತ ಶ್ಲೋಕಗಳಲ್ಲಿ ಅಳವಡಿಸಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಮುಂತಾದ ಗ್ರಂಥಗಳನ್ನು ರಚಿಸಿದರು. ನೆಪ್ಚೂನಿನಾಚೆಗೂ ಗ್ರಹಗಳಿರಬೇಕೆಂದು ೧೯೧೧ರಲ್ಲಿ ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಬರೆದವರೂ ಅವರೇ. ಮೇಷಾದಿಯನ್ನು ಚಿತ್ತೆಗೆ ಸರಿಯಾಗಿ ೧೮೦ ಅಂಶ ಇದಿರಿನಲ್ಲಿ ಇಡಬೇಕೆಂಬುದು ಅವರ ಪಕ್ಷ. ರೇವತಿಯ ಯೋಗತಾರೆಯಿಂದಲೇ ಎಣಿಸಬೇಕೆಂದು ತಿಲಕರ ಪಕ್ಷದವರು ಹಟಹಿಡಿದರು. ಎರಡಕ್ಕೂ ನಾಲ್ಕು ಅಂಶಗಳ ಭೇದವಿರುವುದರಿಂದ ತಿಲಕ ಪಂಚಾಂಗದಲ್ಲಿ ಮಕರ ಸಂಕ್ರಾಂತಿಯು ನಾಲ್ಕು ದಿನ ಮುಂಚೆ, ಜನವರಿ ೧೦ಕ್ಕೆ, ಬರುವುದು. ನಕ್ಷತ್ರಗಳೇ ಸಾಕ್ಷಿಗಳಾಗಿ ನಿಂತ ಈ ವ್ಯಾಜ್ಯದಲ್ಲಿ ಯಾವ ತಾರೆಯ ಮಾತನ್ನು ನಂಬಬೇಕೆಂಬುದೇ ತೀರದಾಯಿತು.

ಭಾರತ ಸರಕಾರವು ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಪಂಚಾಂಗ ಪರಿಷ್ಕರಣ ಸಮಿತಿಯು ೧೯೫೫ರಲ್ಲಿ ವರದಿಯನ್ನು ಒಪ್ಪಿಸಿತು. ಅದು ರಾಷ್ಟ್ರೀಯ ವರ್ಷವನ್ನು ಸಾಯನವಾಗಿ ಮಾಡಿ, ವಿಷುವದ ಮರುದಿನದಿಂದ ಆರಂಭವಾಗುವಂತೆ ವಿಧಿಸಿತು. ೧೯೫೭ರ ಮಾರ್ಚಿ ೨೨ರಂದು ಶಕ ೧೮೭೯ರ ಚೈತ್ರದ ಮೊದಲ ದಿನವಾಯಿತು. ನಕ್ಷತ್ರಗಣನೆಗಾದರೋ ಚಿತ್ತಾಪಕ್ಷವನ್ನೇ ಒಪ್ಪಿ, ೧೯೫೬ರ ಮಾರ್ಚಿ ೨೧ರಂದು ಅಯನಾಂಶವು ೨೩ ಅಂಶ ೧೫ ಕಲೆಯೆಂದು ಗೊತ್ತುಮಾಡಿತು. ಒಂದೇ ವರದಿಯಲ್ಲಿ ಋತುಗಳಿಗೆ ಸೂರ್ಯಮಂಡಲದ ಲೆಕ್ಕ, ನಕ್ಷತ್ರಗಳಿಗೆ ನಕ್ಷತ್ರಗಳ ಲೆಕ್ಕ ಎಂದು ಎರಡು ಬಾಯಿಗಳನ್ನಿಟ್ಟದ್ದು ಕೆಲವರಿಗೆ ಅಸಂಗತವೆಂದು ಕಂಡಿತು. ವಸ್ತುಸ್ಥಿತಿಯೇ ಹಾಗಿರುವಾಗ ಬೇರೆ ಮಾರ್ಗವೂ ಇದ್ದಂತಿಲ್ಲ. ಸರಕಾರದ ಗೆಜೆಟ್ಟಿನಲ್ಲಿ ಸಾಯನ ಶಕವು ಅಚ್ಚಾಗುತ್ತಿದ್ದರೂ ಮನೆಮನೆಯ ಪಂಚಾಂಗವು ನಿರಯಣವಾಗಿಯೇ ನಡೆದಿದೆ. ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ತುಲಾ ಸಂಕ್ರಮಣವು ಶರದ್ವಿಷುವವು ಕಳೆದು ಸುಮಾರು ಇಪ್ಪತ್ತನಾಲ್ಕು ದಿನಗಳ ಮೇಲೆ, ಅಕ್ಟೋಬರು ೧೭ರ ಹೊತ್ತಿಗೆ ಬರುತ್ತದೆ. ಮಕರ ಸಂಕ್ರಾಂತಿಯು ಜನವರಿ ೧೪ ಅಥವಾ ೧೫ಕ್ಕೆ ಬರುತ್ತದೆ. ಅಂದಿಗೆ ಸೂರ್ಯನು ಉತ್ತರಕ್ಕೆ ತಿರುಗಿ ಎರಡು ಅಂಶಗಳನ್ನು, ತನ್ನ ಬಿಂಬದ ನಾಲ್ಕು ಅಗಲವನ್ನು, ದಾಟಿರುತ್ತಾನೆ.